ಚಿನ್ನದ ಬಣ್ಣ ಯಾವುದು?

ಚಿನ್ನದ ಬಣ್ಣ ಯಾವುದೆಂದು ಕೇಳಿದರೆ ಮಕ್ಕಳೂ ನಕ್ಕಾರು. ಹೊಂಬಣ್ಣ, ಹೊಂಬಿಸಿಲು, ಹೊಂಬಾಳೆ ಎಂಬ ನಮ್ಮ ಮಾತುಗಳೆಲ್ಲ ಆ ಹಳದಿಯನ್ನು ನಂಬಿಯೇ ಹುಟ್ಟಿದವು. ಅಕ್ಕಸಾಲಿಗನು ಒರೆಗಲ್ಲಿನ ಮೇಲೆ ಗೆರೆಯೆಳೆದು ನೋಡುವುದೂ ಆ ಬಣ್ಣವನ್ನೇ. ಹೀಗಿದ್ದರೂ ಈ ದಿನ ನಾವು ಅದೇ ಪ್ರಶ್ನೆಯನ್ನು ಶ್ರೋತೃಗಳ ಮುಂದಿಡಬೇಕೆಂದಿದ್ದೇವೆ. ಉತ್ತರವು ತೋರುವಷ್ಟು ಸುಲಭವಲ್ಲ.

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಅಂಥ ಊರಿನ ಮನೆಗಳಲ್ಲಿರುವ ಚಿನ್ನವೆಲ್ಲ, ಎಂದರೆ ತಾಳಿ, ಓಲೆ, ಮೂಗುಬೊಟ್ಟು, ಕಬ್ಬಿನ ಹಣ ಕೈಸೇರುವವರೆಗೆ ಬ್ಯಾಂಕಿನಲ್ಲಿ ಅಡವಿಟ್ಟ ಸರ, ಇವೆಲ್ಲ ಹಳದಿಯವೇ. ಆದರೆ ಹೆಗಲಿಗೆ ಚೀಲ ಹಾಕಿಕೊಂಡು ಬೀದಿಯಲ್ಲಿ ಬರುವ ಆಶಾ ಕಾರ್ಯಕರ್ತೆಯ ಬಳಿ ಬೇರೊಂದು ಚಿನ್ನವಿರುತ್ತದೆ. ಅದನ್ನು ಕಳ್ಳರು ಕದಿಯುವುದಿಲ್ಲ, ಯಾರೂ ಅಡವಿಟ್ಟುಕೊಳ್ಳುವುದೂ ಇಲ್ಲ. ಗರ್ಭವು ನಿಂತಿದೆಯೋ ಇಲ್ಲವೋ ಎಂಬುದನ್ನು ಮನೆಯಲ್ಲಿಯೇ ತಿಳಿಯುವುದಕ್ಕಾಗಿ ಆಕೆ ಕೊಡುವ ಸಣ್ಣ ಪಟ್ಟಿಯೊಂದುಂಟಷ್ಟೆ. ಅದರ ಮೇಲೆ ಕೆಲವು ಹನಿ ಮೂತ್ರವನ್ನು ಹಾಕಿದರೆ ಕೆಲವು ನಿಮಿಷಗಳಲ್ಲಿ ಒಂದು ಅಥವಾ ಎರಡು ಕೆಂಪು ಗೆರೆಗಳು ಮೂಡುತ್ತವೆ. ಬಹುಪಾಲು ಪಟ್ಟಿಗಳಲ್ಲಿ ಆ ಕೆಂಪು ಬಟ್ಟೆಗೆ ಹಾಕುವ ಬಣ್ಣವೂ ಅಲ್ಲ, ಕುಂಕುಮವೂ ಅಲ್ಲ. ಅದು ಚಿನ್ನ. ಯಾವ ಮಿಶ್ರಲೋಹವೂ ಅಲ್ಲದ, ಅಪ್ಪಟ ಚಿನ್ನ.

ಆರು ವರ್ಷ ಕಾದ ಮನೆಯಲ್ಲಾಗಲಿ, ಇನ್ನೊಂದು ಮಗು ಬೇಡವೆಂದಿದ್ದ ಮನೆಯಲ್ಲಾಗಲಿ, ಎರಡನೆಯ ಗೆರೆ ಮೂಡಿತೋ ಇಲ್ಲವೋ ಎಂದು ನೋಡುತ್ತ ಕುಳಿತವರಿಗೆ ಆ ನಿಮಿಷಗಳು ಎಷ್ಟು ದೀರ್ಘವೆಂಬುದನ್ನು ನಾವು ಹೇಳಬೇಕಾಗಿಲ್ಲ. ತಾಯಿ ಕಾರ್ಡು ಬರೆಯಿಸುವುದು, ಕಬ್ಬಿಣಾಂಶದ ಮಾತ್ರೆಗಳನ್ನು ಆರಂಭಿಸುವುದು, ಪ್ರಾಣಕ್ಕೆ ಹಾನಿ ತರುವ ತೊಡಕುಗಳನ್ನು ಮೊದಲೇ ಕಂಡುಕೊಳ್ಳುವುದು, ಎಲ್ಲವೂ ಆ ಗೆರೆಯಿಂದ ಮುಂದಕ್ಕೆ ಸಾಗುತ್ತವೆ. ಇಷ್ಟು ಭಾರವನ್ನು ಹೊತ್ತ ಗೆರೆಯು ಏಕೆ ಕೆಂಪಾಗಿದೆ, ಎಂದು ಕೆಂಪಾಗದೆ ಹೋಗುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಒಂದು ಸಣ್ಣ ಪ್ರಯೋಗ. ಮೈಸೂರು ಶೈಲಿಯ ಚಿತ್ರಗಳಲ್ಲಿ ದೇವರ ಕಿರೀಟ, ಪ್ರಭಾವಳಿಗಳಿಗೆ ಚಿನ್ನದ ರೇಕನ್ನು ಅಂಟಿಸುವುದನ್ನು ನಗರವಾಸಿಗಳಾದ ಶ್ರೋತೃಗಳು ನೋಡಿಯೇ ಇರುವರು. ಬಹು ತೆಳ್ಳಗೆ ಬಡಿದ ರೇಕು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಮಾತ್ರ ದಪ್ಪವಿರುತ್ತದೆ. ಅದನ್ನು ಎರಡು ಗಾಜುಗಳ ನಡುವೆ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಹಸುರುಬಣ್ಣ ಕಾಣುತ್ತದೆ. ಮೇಲಿನಿಂದ ನೋಡಿದರೆ ಅದೇ ರೇಕು ಹಳದಿ. ಬಿಳಿಯ ಬೆಳಕಿನಲ್ಲಿರುವ ಕೆಂಪು ಹಳದಿಗಳನ್ನು ಚಿನ್ನವು ಹಿಂದಕ್ಕೆ ಕಳುಹಿಸುತ್ತದೆ; ನೀಲಿ ನೇರಿಳೆಗಳನ್ನು ಬಹುಮಟ್ಟಿಗೆ ತಾನೇ ಹೀರಿಕೊಳ್ಳುತ್ತದೆ; ನಡುವೆ ಉಳಿದ ಹಸುರು ಅಷ್ಟಿಷ್ಟು ತೂರಿ ಬರುತ್ತದೆ. ಒಂದೇ ಲೋಹಕ್ಕೆ ಎರಡು ಬಣ್ಣಗಳಾದುವು. ಮೂರನೆಯದಾದ ಕೆಂಪು ಇನ್ನೂ ಸೂಕ್ಷ್ಮವಾದ ವಿಷಯ.

ಈ ಕೆಂಪನ್ನು ಶಾಸ್ತ್ರೀಯವಾಗಿ ಮೊದಲು ಹಿಂಬಾಲಿಸಿದವನು ಮೈಕೇಲ್ ಫ್ಯಾರಡೆ. ೧೮೫೭ರಲ್ಲಿ ಲಂಡನ್ನಿನಲ್ಲಿ ಓದಿದ ಉಪನ್ಯಾಸದಲ್ಲಿ ಅವನು, ಚಿನ್ನದ ಲವಣವನ್ನು ಕರಗಿಸಿದ ನೀರಿಗೆ ರಂಜಕವನ್ನು ತಾಗಿಸಿದಾಗ ಮಾಣಿಕ್ಯದಂತೆ ಕೆಂಪಾದ ದ್ರವವೊಂದು ದೊರೆಯಿತೆಂದು ತಿಳಿಸಿದನು. ಆ ಕೆಂಪು ದ್ರವದಲ್ಲಿರುವುದು ಬೇರೆ ಯಾವ ರಾಸಾಯನಿಕವೂ ಅಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ತುಣುಕುಗಳಾಗಿ ಹರಡಿರುವ ಲೋಹವೇ ಎಂದು ಅವನು ನಿರ್ಣಯಿಸಿದನು. ಅದರ ಮೂಲಕ ಬೆಳಕಿನ ಕೋಲನ್ನು ಹಾಯಿಸಿದಾಗ, ಕತ್ತಲೆಕೋಣೆಯ ಬಿಸಿಲುಕೋಲಿನಲ್ಲಿ ಧೂಳು ಹೊಳೆಯುವಂತೆ, ಹಾದಿಯೆಲ್ಲ ಹೊಳೆಯಿತು. ಅದಕ್ಕೆ ಅಡಿಗೆಯ ಉಪ್ಪನ್ನು ಹಾಕಿದನು; ಕೆಂಪು ಹೋಗಿ ನೀಲಿಯಾಯಿತು. ಫ್ಯಾರಡೆಯು ತಯಾರಿಸಿದ ಚಿನ್ನದ ದ್ರವಗಳ ಬಾಟಲಿಗಳು ಅವನು ದುಡಿದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಂದಿಗೂ ಇವೆ. ಉಪ್ಪಿನ ಈ ಸಂಗತಿಯನ್ನು ಶ್ರೋತೃಗಳು ನೆನಪಿನಲ್ಲಿಟ್ಟಿರಬೇಕು, ಅದಕ್ಕೆ ಹಿಂದಿರುಗುತ್ತೇವೆ.

ಫ್ಯಾರಡೆಗಿಂತ ಎಷ್ಟೋ ಹಿಂದೆಯೇ ಗಾಜು ಕಾಯಿಸುವವರು ಇದನ್ನು ಕೈಯಿಂದ ಬಲ್ಲವರಾಗಿದ್ದರು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಲೈಕರ್ಗಸ್ ಬಟ್ಟಲೆಂಬ ರೋಮನರ ಗಾಜಿನ ಪಾತ್ರೆಯೊಂದಿದೆ. ಕ್ರಿಸ್ತಶಕ ನಾಲ್ಕನೆಯ ಶತಮಾನದ್ದು. ಹೊರಗಿನ ಬೆಳಕಿನಲ್ಲಿ ಅದು ಹಸುರು, ಒಳಗೆ ದೀಪವಿಟ್ಟರೆ ಕೆಂಪು. ಗಾಜಿನೊಳಗೆ ಅಡಗಿರುವುದು ಬೆಳ್ಳಿಯೂ ಚಿನ್ನವೂ ಬೆರೆತ ಅತಿಸೂಕ್ಷ್ಮ ಕಣಗಳು. ಮಾಡಿದವರಿಗೆ ಕಾರಣ ತಿಳಿದಿರಲಾರದು, ಮಾಡುವ ಬಗೆ ತಿಳಿದಿದ್ದಿತು.

ಈ ಕಣಗಳ ಗಾತ್ರವನ್ನು ಮನಸ್ಸಿಗೆ ತಂದುಕೊಳ್ಳುವುದು ಕಷ್ಟ. ಇವನ್ನು ಅಳೆಯುವ ಮಾನವು ನ್ಯಾನೋಮೀಟರ್, ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಕೆಂಪು ಚಿನ್ನದ ಗುಂಡು ಸಾಮಾನ್ಯವಾಗಿ ೨೦ ನ್ಯಾನೋಮೀಟರ್ ಅಡ್ಡಳತೆಯದು. ಅದರಲ್ಲಿ ಸುಮಾರು ಎರಡೂವರೆ ಲಕ್ಷ ಪರಮಾಣುಗಳಿರುತ್ತವೆ. ಅದನ್ನು ಒಂದು ರಾಗಿಕಾಳಿನಷ್ಟಾಗುವಂತೆ ಹಿಗ್ಗಿಸಿದೆವೆನ್ನಿ. ಅದೇ ಪ್ರಮಾಣದಲ್ಲಿ ಹಿಗ್ಗಿದ ನಿಜವಾದ ರಾಗಿಕಾಳು ನೂರು ಮೀಟರಿಗೂ ಮಿಕ್ಕಿ, ಕನ್ನಂಬಾಡಿ ಕಟ್ಟೆಯ ಎತ್ತರಕ್ಕೆ ಎರಡು ಪಟ್ಟಿಗಿಂತ ಹೆಚ್ಚಾಗಿ ನಿಲ್ಲುವುದು. ಹಸುರು ಬೆಳಕಿನ ಅಲೆಯ ಉದ್ದವೋ, ಆ ಪ್ರಮಾಣದಲ್ಲಿ ಎರಡು ಬೆರಳಗಲದಷ್ಟು, ಸುಮಾರು ನಾಲ್ಕು ಸೆಂಟಿಮೀಟರ್. ಹೀಗೆ ಅಲೆಯ ಮುಂದೆ ಕಣವು ಚಿಕ್ಕದು. ಬೆಳಕು ಹಾಯುವಾಗ ಕಣದ ಒಂದು ಬದಿ ಏರಿನಲ್ಲೂ ಇನ್ನೊಂದು ಬದಿ ಇಳಿತದಲ್ಲೂ ಇರುವುದಿಲ್ಲ. ಇಡೀ ಕಣವು ಒಟ್ಟಿಗೆ ಒಂದೇ ನೂಕಿಗೆ ಒಳಗಾಗುತ್ತದೆ.

ನೂಕಿಸಿಕೊಳ್ಳುವುದು ಯಾವುದು? ಲೋಹಗಳಲ್ಲಿ ಯಾವ ಪರಮಾಣುವಿಗೂ ಕಟ್ಟುಬೀಳದೆ ಓಡಾಡುವ ಎಲೆಕ್ಟ್ರಾನುಗಳು ಹೇರಳವಾಗಿವೆ. ಬೆಳಕು ವಿದ್ಯುತ್ತಿನ ಅಲೆಯಾದುದರಿಂದ ಅವನ್ನೆಲ್ಲ ಒಮ್ಮೆ ಆ ಬದಿಗೆ, ಒಮ್ಮೆ ಈ ಬದಿಗೆ ತಳ್ಳುತ್ತದೆ. ಅವು ಒಂದು ಬದಿಗೆ ಸರಿದರೆ ಇನ್ನೊಂದು ಬದಿಯಲ್ಲಿ ಎದುರುಬಗೆಯ ವಿದ್ಯುತ್ತು ಬಯಲಾಗಿ ಅವನ್ನು ಹಿಂದಕ್ಕೆ ಸೆಳೆಯುತ್ತದೆ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ನಡೆಯುವ ಹೆಂಗಸರೆಲ್ಲರೂ ಬಲ್ಲ ಸಂಗತಿ ಇದು. ಕೊಡದ ನೀರಿಗೆ ತನ್ನದೇ ಒಂದು ತೂಗಾಟವುಂಟು. ನಡಿಗೆಯ ತಾಳ ಅದಕ್ಕೆ ಸರಿಹೊಂದಿಬಿಟ್ಟರೆ ನೀರು ಎದ್ದು ಚೆಲ್ಲುತ್ತದೆ. ಹೊಂದದಿದ್ದರೆ ಸುಮ್ಮನೆ ಇರುತ್ತದೆ. ಕಣದಲ್ಲಿರುವ ಎಲೆಕ್ಟ್ರಾನುಗಳ ತೂಗಾಟಕ್ಕೂ ಅಂಥ ಒಂದು ತಾಳವಿದೆ. ಚಿನ್ನದ ಸಣ್ಣ ಗುಂಡಿನಲ್ಲಿ ಆ ತಾಳವು ನೀರಿನ ನಡುವೆ ಸುಮಾರು ೫೨೦ ನ್ಯಾನೋಮೀಟರ್ ಅಲೆಯುದ್ದದ ಹಸುರು ಬೆಳಕಿಗೆ ಹೊಂದುತ್ತದೆ. ಆ ಬೆಳಕು ಬಂದಾಗ ಗುಂಡು ಅದನ್ನು ಅಳತೆಮೀರಿ ಹೀರಿಕೊಳ್ಳುತ್ತದೆ. ನೀಲಿಯನ್ನು ಚಿನ್ನವು ಹೇಗೂ ನುಂಗುವುದಷ್ಟೆ. ಹಸುರೂ ಹೋದ ಮೇಲೆ ಕಣ್ಣಿಗೆ ಉಳಿಯುವುದು ಕೆಂಪು. ಬೆಳ್ಳಿಯ ಗುಂಡಿನಲ್ಲಿ ತಾಳವು ಇನ್ನೂ ಚುರುಕು, ೪೦೦ ನ್ಯಾನೋಮೀಟರಿನ ಬಳಿಯ ನೇರಿಳೆಗೆ ಹೊಂದುವಂಥದು. ಆದುದರಿಂದ ಬೆಳ್ಳಿಯ ಕಣಗಳ ನೀರು ಹಳದಿಯಾಗಿ ಕಾಣುತ್ತದೆ. ಲೋಕವೆಲ್ಲ ಹಳದಿಯೆನ್ನುವ ಚಿನ್ನ ಕೆಂಪಾಗುವುದೂ, ಬಿಳಿಯೆನ್ನುವ ಬೆಳ್ಳಿ ಹಳದಿಯಾಗುವುದೂ ವಿನೋದವಲ್ಲವೆ?

ಈ ಹೀರುವಿಕೆ ಎಷ್ಟು ಪ್ರಬಲವೆಂದರೆ, ಒಂದು ಗ್ರಾಮ್ ಚಿನ್ನವನ್ನು ಇಂಥ ಗುಂಡುಗಳನ್ನಾಗಿ ಮಾಡಿದರೆ ಸುಮಾರು ಇಪ್ಪತ್ತು ಲೀಟರ್ ನೀರು ದ್ರಾಕ್ಷಾರಸದಂತೆ ಕೆಂಪಾದೀತು. ಒಂದು ಮೂಗುಬೊಟ್ಟಿನಷ್ಟು ಚಿನ್ನಕ್ಕೆ ಕೊಡದ ತುಂಬ ಬಣ್ಣ!

ಇನ್ನು ಗಾತ್ರದ ಮಾತು. ಇಲ್ಲಿ ಕೊಡದ ಉಪಮಾನವು ಸ್ವಲ್ಪ ಕೈಕೊಡುತ್ತದೆಂದು ಒಪ್ಪಿಕೊಳ್ಳಬೇಕು. ಕೊಡ ದೊಡ್ಡದಾದರೆ ನೀರಿನ ತೂಗಾಟ ನಿಧಾನವಾಗುತ್ತದೆ. ಚಿನ್ನದ ಗುಂಡಿನಲ್ಲಿ ಹಾಗಲ್ಲ. ಅಲೆಗಿಂತ ತೀರ ಚಿಕ್ಕದಾಗಿರುವವರೆಗೆ ೧೦ ನ್ಯಾನೋಮೀಟರಿನದಾದರೂ ೩೦ರದಾದರೂ ತಾಳವು ಬಹುತೇಕ ಒಂದೇ. ಗುಂಡು ಎಂಬ ರೂಪವೇ ಅದನ್ನು ನಿಶ್ಚಯಿಸಿಬಿಡುತ್ತದೆ. ಗಾತ್ರವು ತನ್ನ ಪ್ರಭಾವವನ್ನು ಬೇರೆ ರೀತಿಯಲ್ಲಿ ತೋರಿಸುತ್ತದೆ. ಕಣದ ಮೇಲೆ ಬಿದ್ದ ಬೆಳಕಿಗೆ ಎರಡು ಗತಿಗಳು: ಒಂದೋ ಹೀರಲ್ಪಟ್ಟು ಶಾಖವಾಗುವುದು, ಇಲ್ಲವೆ ಸುತ್ತಲೂ ಚದರಿಹೋಗುವುದು. ಸಣ್ಣ ಕಣದ ಅಡ್ಡಳತೆಯನ್ನು ಇಮ್ಮಡಿ ಮಾಡಿದರೆ ಹೀರುವ ಶಕ್ತಿ ಎಂಟರಷ್ಟಾಗುತ್ತದೆ. ಚದರಿಸುವ ಶಕ್ತಿ ಅರವತ್ತನಾಲ್ಕರಷ್ಟು. ಆದುದರಿಂದ ೨೦ ನ್ಯಾನೋಮೀಟರಿನ ಗುಂಡು ಬೆಳಕನ್ನು ನುಂಗುವುದರಲ್ಲಿಯೇ ತೊಡಗಿದ್ದರೆ, ೮೦ ಅಥವಾ ೧೦೦ ನ್ಯಾನೋಮೀಟರಿನದು ಬಹುಭಾಗವನ್ನು ಚದರಿಸಿಬಿಡುತ್ತದೆ. ಅಂಥ ದ್ರವವು ಒಂದು ಬದಿಯಿಂದ ನೋಡಿದರೆ ಮಬ್ಬು ಕಂದು, ಬೆಳಕಿಗೆ ಹಿಡಿದು ನೋಡಿದರೆ ನೇರಿಳೆ. ರೋಮನರ ಬಟ್ಟಲಿನ ಎರಡು ಬಣ್ಣಗಳ ಗುಟ್ಟೂ ಇಲ್ಲಿಯೇ ಇದೆ. ಅಷ್ಟು ದೊಡ್ಡ ಕಣದಲ್ಲಿ ಅಲೆಯು ಆಚೆಯ ಬದಿಯನ್ನು ಮುಟ್ಟುವ ಹೊತ್ತಿಗೆ ಈಚೆಯ ಬದಿಯ ನೂಕು ಬದಲಾಗತೊಡಗಿರುವುದರಿಂದ ತಾಳವೂ ಸ್ವಲ್ಪ ನಿಧಾನವಾಗಿ ಕೆಂಪಿನ ಕಡೆಗೆ ಜಾರುತ್ತದೆ. ಇದೆಲ್ಲವನ್ನೂ ಎಂಥ ಗಾತ್ರದ ಗುಂಡಿಗಾದರೂ ಲೆಕ್ಕಹಾಕುವ ಸೂತ್ರವನ್ನು ೧೯೦೮ರಲ್ಲಿ ಗುಸ್ತಾಫ್ ಮೀ ಎಂಬ ಜರ್ಮನ್ ಭೌತವಿಜ್ಞಾನಿ ಕೊಟ್ಟನು. ಇಂದಿಗೂ ಅದನ್ನೇ ಬಳಸುತ್ತಾರೆ.

ಗಾತ್ರವನ್ನು ಇಳಿಸುತ್ತ ಹೋದರೆ ಆಗುವುದೇನು? ಹತ್ತು ನ್ಯಾನೋಮೀಟರಿಗಿಂತ ಕೆಳಗೆ ಎಲೆಕ್ಟ್ರಾನುಗಳು ಕಣದ ಗೋಡೆಗೆ ಪದೇಪದೇ ತಾಕಿ ತೂಗಾಟ ಕುಂದುತ್ತದೆ, ಬಣ್ಣ ಮಾಸುತ್ತದೆ. ಎರಡು ನ್ಯಾನೋಮೀಟರಿನ ಗುಂಡಿನಲ್ಲಿರುವುದು ಇನ್ನೂರೈವತ್ತರಷ್ಟು ಪರಮಾಣುಗಳು ಮಾತ್ರ. ಅದಕ್ಕಿಂತ ಕಿರಿದಾದರೆ ಆ ಕೆಂಪು ಮಾಯವಾಗುತ್ತದೆ. ಲೋಹವೆಂಬ ಹೆಸರೇ ಸಂದೇಹಾಸ್ಪದವಾಗುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ, ೧೯೮೯ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ಸಿ. ಎನ್. ಆರ್. ರಾವ್, ಜಿ. ಯು. ಕುಲಕರ್ಣಿ ಮೊದಲಾದವರು ಲೋಹದ ಇಂಥ ಪುಟ್ಟ ಗಡ್ಡೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೆಲವೇ ಪರಮಾಣುಗಳಾಗಿ ಉಳಿದಾಗ ಲೋಹದ ವಿದ್ಯುದ್ಗುಣವು ಹೇಗೆ ಕಳೆದುಹೋಗುತ್ತದೆಂಬುದನ್ನು ೧೯೯೮ರಲ್ಲಿ ಪ್ರಕಟಿಸಿದರು. ಕೋಲಾರದ ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚಿದುವು. ಅದಕ್ಕೆ ಮುಂಚೆಯೇ ಅದೇ ನಾಡಿನಲ್ಲಿ ಚಿನ್ನದ ಇನ್ನೊಂದು ಬಗೆಯ ಗಣಿಯನ್ನು ತೋಡತೊಡಗಿದ್ದರೆನ್ನಬಹುದು.

ಬಣ್ಣದ ಮೇಲೆ ಗಾತ್ರಕ್ಕಿಂತ ಹೆಚ್ಚಿನ ಅಧಿಕಾರವಿರುವುದು ರೂಪಕ್ಕೆ. ದನಗಳಿಗೆ ನೀರು ಕುಡಿಸುವ ಉದ್ದನೆಯ ಕಲ್ಲುತೊಟ್ಟಿಯನ್ನು ನೆನೆಯಿರಿ. ಅದರ ಅಡ್ಡಕ್ಕೆ ನೀರನ್ನು ತೂಗಿದರೆ ಬೇಗಬೇಗ ಹೊಯ್ದಾಡುತ್ತದೆ. ಉದ್ದಕ್ಕೆ ತೂಗಿದರೆ ಆ ಕೊನೆಗೆ ಹೋಗಿ ಬರಲು ಹೊತ್ತು ಹಿಡಿಯುತ್ತದೆ. ಚಿನ್ನವನ್ನು ಗುಂಡಾಗಿಸದೆ ಕಡ್ಡಿಯಂತೆ ಬೆಳೆಯಿಸಿದರೆ ಅದಕ್ಕೂ ಹೀಗೆಯೇ ಎರಡು ತಾಳಗಳು. ಅಡ್ಡತೂಗಾಟವು ಹಿಂದಿನಂತೆ ಹಸುರಿನ ಬಳಿಯಲ್ಲಿಯೇ ನಿಲ್ಲುತ್ತದೆ. ಉದ್ದತೂಗಾಟವು ನಿಧಾನವಾಗಿ, ವೀಣೆಯಲ್ಲಿ ಮಿಡಿಯುವ ತಂತಿ ಉದ್ದವಾದಂತೆ ಸ್ವರ ಇಳಿಯುವ ಹಾಗೆ, ಕೆಂಪಿನ ಕಡೆಗೆ ಇಳಿಯುತ್ತದೆ. ಕಡ್ಡಿಯ ಉದ್ದ ಅಗಲಕ್ಕೆ ಎರಡರಷ್ಟಾದರೆ ಸುಮಾರು ೬೦೦ ನ್ಯಾನೋಮೀಟರ್, ಮೂರರಷ್ಟಾದರೆ ೭೦೦, ನಾಲ್ಕರಷ್ಟಾದರೆ ೮೦೦. ಅಷ್ಟರಲ್ಲಿ ಅದು ಕಣ್ಣಿಗೆ ಕಾಣುವ ಬೆಳಕನ್ನು ದಾಟಿರುತ್ತದೆ. ಹೀಗೆ ಉದ್ದವನ್ನು ಬದಲಿಸಿದಂತೆಲ್ಲ ದ್ರವದ ಬಣ್ಣವೂ ಬದಲಾಗಿ, ನೀಲಿ ಹಸುರುಗಳೂ ಬರುತ್ತವೆ. ನೀಳವಾದ ಕಣಗಳ ಲೆಕ್ಕವನ್ನು ೧೯೧೨ರಲ್ಲಿಯೇ ರಿಚರ್ಡ್ ಗಾನ್ಸ್ ಮಾಡಿಟ್ಟಿದ್ದನು; ಕಡ್ಡಿಗಳನ್ನು ಬೇಕಾದ ಉದ್ದಕ್ಕೆ ಬೆಳೆಯಿಸುವ ಕಲೆ ಕೈಗೆ ಬರುವುದಕ್ಕೆ ಆ ಶತಮಾನವೇ ಕಳೆಯಬೇಕಾಯಿತು.

ಕಡ್ಡಿಗಳ ಉಪಯೋಗ ವಿನೋದಕ್ಕಲ್ಲ. ಕತ್ತಲಲ್ಲಿ ಟಾರ್ಚನ್ನು ಅಂಗೈಗೆ ಒತ್ತಿಟ್ಟರೆ ಬೆರಳಸಂದುಗಳು ಕೆಂಪಗೆ ಬೆಳಗುವುದನ್ನು ಎಲ್ಲರೂ ನೋಡಿದ್ದೇವೆ. ಕೆಂಪು ಮತ್ತು ಅದರಾಚೆಯ ಬೆಳಕು ನಮ್ಮ ಮಾಂಸದೊಳಗೆ ಸ್ವಲ್ಪ ದೂರ ಸಾಗಬಲ್ಲದು. ಆ ಬೆಳಕನ್ನು ನುಂಗಿ ಬಿಸಿಯಾಗುವ ಕಡ್ಡಿಗಳನ್ನು ಗಂತಿಯೊಳಗೆ ಸೇರಿಸಿ ರೋಗಕಣಗಳನ್ನು ಸುಡಬಹುದೆಂಬ ಆಸೆಯಿಂದ ಅನೇಕ ದೇಶಗಳಲ್ಲಿ ಪ್ರಯೋಗಗಳು ನಡೆದಿವೆ.

ರೂಪದ ಮಹಿಮೆಯನ್ನು ಬೆಳ್ಳಿಯು ಇನ್ನೂ ಬೆಡಗಾಗಿ ತೋರಿಸಿತು. ೨೦೦೧ರಲ್ಲಿ ಅಮೆರಿಕದ ವಿಜ್ಞಾನಿಗಳು ಹಳದಿಯಾದ ಬೆಳ್ಳಿನೀರನ್ನು ಸಾಧಾರಣ ದೀಪದ ಬೆಳಕಿನಲ್ಲಿ ಇಟ್ಟರು. ಅದು ಹಲವು ಗಂಟೆಗಳಲ್ಲಿ ಹಸುರಾಗಿ, ಅನಂತರ ನೀಲಿಯಾಯಿತು. ಹೊರಗಿನಿಂದ ಬೆಳ್ಳಿಯನ್ನು ಸೇರಿಸಲಿಲ್ಲ, ತೆಗೆಯಲಿಲ್ಲ. ಗುಂಡುಗಳಾಗಿದ್ದುದು ಮೂರು ಮೂಲೆಯ ತೆಳುಬಿಲ್ಲೆಗಳಾಗಿ ಮಾರ್ಪಟ್ಟಿತ್ತು, ಅಷ್ಟೆ.

ಮೊನೆಯುಳ್ಳ ರೂಪಗಳಿಗೆ ಇನ್ನೊಂದು ಗುಣವಿದೆ. ನಮ್ಮವರೊಬ್ಬರ ಹೆಸರು ಇಲ್ಲಿ ಬರುತ್ತದೆ. ಚಂದ್ರಶೇಖರ ವೆಂಕಟರಾಮನ್ನರು ತಾವು ಕಂಡ ಹೊಸ ಬೆಳಕನ್ನು ಕುರಿತು ೧೯೨೮ರ ಮಾರ್ಚ್ ೧೬ರಂದು ಉಪನ್ಯಾಸವಿತ್ತುದು ಬೆಂಗಳೂರಿನಲ್ಲಿ. ಯಾವ ಪದಾರ್ಥವೆಂಬುದನ್ನು ಬೆರಳಚ್ಚಿನಂತೆ ಹೇಳಬಲ್ಲ ಆ ಬೆಳಕು ಬಹಳ ಕ್ಷೀಣವಾದದ್ದು. ರಾಮನ್ನರು ೧೯೭೦ರಲ್ಲಿ ತೀರಿಕೊಂಡರು. ನಾಲ್ಕು ವರ್ಷಗಳ ಮೇಲೆ, ಒರಟುಮಾಡಿದ ಬೆಳ್ಳಿಯ ಮೇಲೆ ಅಂಟಿದ ಪದಾರ್ಥದಿಂದ ಅದೇ ಬೆಳಕು ನಿರೀಕ್ಷೆಗೆ ಮೀರಿ ಪ್ರಬಲವಾಗಿ ಬರುವುದು ಇಂಗ್ಲೆಂಡಿನಲ್ಲಿ ಕಂಡುಬಂತು. ಹತ್ತು ಲಕ್ಷ ಪಟ್ಟಿನ ಹೆಚ್ಚಳವೂ ದೊರೆಯುತ್ತದೆಂದು ಮುಂದೆ ತಿಳಿಯಿತು. ಬೆಳ್ಳಿಯ ಉಬ್ಬುಗಳಲ್ಲೂ ಮೊನೆಗಳಲ್ಲೂ ಎಲೆಕ್ಟ್ರಾನುಗಳು ತೂಗಿ ಒಟ್ಟುಗೂಡುವುದೇ ಇದಕ್ಕೆ ಮುಖ್ಯ ಕಾರಣ. ತಾವು ಬಾಳಿನುದ್ದಕ್ಕೂ ಪ್ರೀತಿಸಿದ ಬಣ್ಣಗಳ ಈ ಅಧ್ಯಾಯವನ್ನು ಅವರು ನೋಡಬೇಕಾಗಿತ್ತೆಂದು ನಮಗೆ ಅನ್ನಿಸುತ್ತದೆ.

ಫ್ಯಾರಡೆಯ ಉಪ್ಪಿಗೆ ಹಿಂದಿರುಗೋಣ. ನೀರಿನಲ್ಲಿರುವ ಕಣಗಳೆಲ್ಲವೂ ಒಂದೇ ಬಗೆಯ ವಿದ್ಯುತ್ತನ್ನು ಹೊದ್ದಿರುವುದರಿಂದ ಒಂದನ್ನೊಂದು ದೂರಕ್ಕೆ ತಳ್ಳುತ್ತಿರುತ್ತವೆ. ಉಪ್ಪು ಕರಗಿದಾಗ ಆ ಹೊದಿಕೆಯ ಬಲ ಕುಂದುತ್ತದೆ. ಕಣಗಳು ಹತ್ತಿರಕ್ಕೆ ಬಂದು ಗುಂಪುಗೂಡುತ್ತವೆ. ಪಕ್ಕಪಕ್ಕದ ಕಣಗಳ ತೂಗಾಟಗಳು ಒಂದಕ್ಕೊಂದು ಹೆಣೆದುಕೊಂಡು ನಿಧಾನವಾಗುತ್ತವೆ. ಆಗ ನುಂಗಲ್ಪಡುವುದು ಹಸುರಲ್ಲ, ಕಿತ್ತಿಳೆ ಕೆಂಪುಗಳು, ಉಳಿಯುವುದು ನೀಲಿ. ಚಿನ್ನವು ಅಷ್ಟೇ ಇದೆ, ಕಣಗಳೂ ಅವೇ, ನೆರೆಹೊರೆ ಮಾತ್ರ ಬದಲಾಯಿತು. ಇನ್ನೂ ಗುಂಪುಗೂಡಿದರೆ ತಳಕ್ಕೆ ಇಳಿದು ಬಣ್ಣವೇ ಇಲ್ಲದ ನೀರು ಉಳಿಯುತ್ತದೆ.

ನಮ್ಮ ವೈದ್ಯರ ಸ್ವರ್ಣಭಸ್ಮವೂ ಇಟ್ಟಿಗೆಯಂಥ ಕಂದುಗೆಂಪಿನದೇ. ಅದರಲ್ಲಿಯೂ ಇಂಥ ಗಾತ್ರದ ಚಿನ್ನದ ಕಣಗಳು ಗಂಟುಗಂಟಾಗಿ ಕಂಡುಬಂದಿವೆ. ಇದನ್ನು ಕೇಳಿ ಹಿಗ್ಗುವವರಿಗೆ ಒಂದು ಮಾತು. ಬಣ್ಣಕ್ಕೆ ಕಾರಣ ತಿಳಿಯಿತೆಂದರೆ ಔಷಧಗುಣ ಸಿದ್ಧವಾಯಿತೆಂದಲ್ಲ. ಆ ಲೆಕ್ಕ ಬೇರೆ, ಅದರ ಪರೀಕ್ಷೆಯೂ ಬೇರೆ.

ಈಗ ಆಶಾ ಕಾರ್ಯಕರ್ತೆಯ ಪಟ್ಟಿಯನ್ನು ಬಿಚ್ಚಿ ನೋಡಬಹುದು. ಅದರ ಒಂದು ತುದಿಯಲ್ಲಿ ೨೦ರಿಂದ ೪೦ ನ್ಯಾನೋಮೀಟರಿನ ಚಿನ್ನದ ಗುಂಡುಗಳು ಒಣಗಿ ಕುಳಿತಿವೆ. ಇನ್ನೂ ಸಣ್ಣವಾದರೆ ಬಣ್ಣ ಸಾಲದು, ಬಹಳ ದೊಡ್ಡವಾದರೆ ಪಟ್ಟಿಯಲ್ಲಿ ಸರಾಗವಾಗಿ ಹರಿಯವು. ಗಾತ್ರದ ಆಯ್ಕೆ ಹೀಗಾದದ್ದು. ಗರ್ಭ ನಿಂತಾಗ ಮೂತ್ರದಲ್ಲಿ ಕಾಣಿಸಿಕೊಳ್ಳುವ ಹಾರ್ಮೋನೊಂದನ್ನು ಹಿಡಿದುಕೊಳ್ಳುವ ಪ್ರತಿಕಾಯಗಳು, ಎಂದರೆ ಕೊಂಡಿಯಂಥ ಪ್ರೋಟೀನುಗಳು, ಪ್ರತಿ ಗುಂಡಿಗೂ ಅಂಟಿವೆ. ದ್ರವವು ಹರಿದಾಗ ಗುಂಡುಗಳು ಎದ್ದು ಅದರೊಡನೆ ಸಾಗುತ್ತವೆ. ಮೊದಲನೆಯ ಗೆರೆಯ ಜಾಗದಲ್ಲಿ ಅದೇ ಹಾರ್ಮೋನನ್ನು ಹಿಡಿಯುವ ಇನ್ನೊಂದು ಬಗೆಯ ಕೊಂಡಿಗಳಿವೆ. ಹಾರ್ಮೋನು ಇದ್ದರೆ ಗುಂಡುಗಳು ಅದರ ಮೂಲಕ ಅಲ್ಲಿ ಸಿಕ್ಕಿಬಿದ್ದು ಸಾಲುಗಟ್ಟುತ್ತವೆ. ಇಲ್ಲದಿದ್ದರೆ ಮುಂದಕ್ಕೆ ಹೋಗುತ್ತವೆ. ಇನ್ನೂ ಮುಂದಿನ ಗೆರೆಯು ಗರ್ಭವಿರಲಿ ಇಲ್ಲದಿರಲಿ ಗುಂಡುಗಳನ್ನು ಹಿಡಿದುಕೊಳ್ಳುವಂಥದು. ಪಟ್ಟಿಯು ಕೆಟ್ಟಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ಒಂದೊಂದು ಗುಂಡೂ ಸಾಧಾರಣ ಬಣ್ಣದ ಸಾವಿರಾರು ಅಣುಗಳು ಸೇರಿ ನುಂಗುವಷ್ಟು ಬೆಳಕನ್ನು ತಾನೊಂದೇ ನುಂಗುವುದರಿಂದ, ಯಾವ ಯಂತ್ರವೂ ಇಲ್ಲದೆ ಬರಿಗಣ್ಣಿಗೆ ಗೆರೆ ಕಾಣುತ್ತದೆ. ಕೋವಿಡ್ ಕಾಲದಲ್ಲಿ, ೨೦೨೦ರಿಂದ ಮುಂದೆ, ಮೂಗಿನ ದ್ರವವನ್ನು ಪರೀಕ್ಷಿಸಿದ ಅನೇಕ ಪಟ್ಟಿಗಳೂ ಇದೇ ಏರ್ಪಾಡಿನವು.

ಇಷ್ಟು ತಿಳಿದ ಮೇಲೆ ಪೆಟ್ಟಿಗೆಯ ಮೇಲಿನ ಸೂಚನೆಗಳು ಒಣಮಾತಾಗಿ ತೋರುವುದಿಲ್ಲ. ಮೂವತ್ತು ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚು ಬಿಸಿಯಲ್ಲಿ ಇಡಬಾರದೆಂದು ಸಾಮಾನ್ಯವಾಗಿ ಬರೆದಿರುತ್ತದೆ. ಮಂಡ್ಯದ ಸೀಮೆಯ ಬೇಸಗೆಯಲ್ಲಿ ಹಂಚಿನ ಮಾಡಿನ ಕೆಳಗೆ ಇಟ್ಟ ಪಟ್ಟಿ ಆ ಮಿತಿಯನ್ನು ಸುಲಭವಾಗಿ ದಾಟೀತು. ಬಿಸಿಗೂ ತೇವಕ್ಕೂ ಕೆಡುವುದು ಚಿನ್ನವಲ್ಲ, ಅದಕ್ಕಂಟಿದ ಕೊಂಡಿಗಳು. ಅವು ಕೆಟ್ಟರೆ ಗುಂಡುಗಳು ಗೆರೆಯಲ್ಲಿ ನಿಲ್ಲುವುದಿಲ್ಲ, ಇಲ್ಲವೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸಾಕ್ಷಿಯ ಗೆರೆ ಮೂಡದೆ ಇದ್ದರೆ ಆ ಪರೀಕ್ಷೆ ನಡೆದೇ ಇಲ್ಲವೆಂದು ತಿಳಿಯತಕ್ಕದ್ದು. ಗರ್ಭವಿಲ್ಲವೆಂದು ತಿಳಿದು ಸುಮ್ಮನಾಗಬಾರದು. ಹೇಳಿದ ನಿಮಿಷಗಳು ಮೀರಿ, ಪಟ್ಟಿ ಒಣಗಿದ ಮೇಲೆ ಕಾಣುವ ಮಸಕು ಗೆರೆಯನ್ನು ನಂಬಲಾಗದು. ಆದರೆ ಹೊತ್ತಿಗೆ ಸರಿಯಾಗಿ ಮೂಡಿದ ಎರಡನೆಯ ಗೆರೆ ಎಷ್ಟು ತಿಳಿಯಾಗಿದ್ದರೂ ಅದು ಗೆರೆಯೇ. ಹಾರ್ಮೋನು ಇನ್ನೂ ಕಡಮೆಯಿರುವುದರಿಂದ ಸಿಕ್ಕಿಬಿದ್ದ ಗುಂಡುಗಳೂ ಕಡಮೆ, ಅಷ್ಟೆ. ಮೊದಲ ವಾರಗಳಲ್ಲಿ ಆ ಹಾರ್ಮೋನು ಎರಡು ಮೂರು ದಿನಗಳಿಗೊಮ್ಮೆ ಇಮ್ಮಡಿಯಾಗುತ್ತದೆ. ಸಂದೇಹವಿದ್ದರೆ ಮೂರು ದಿನ ಬಿಟ್ಟು, ಬೆಳಗಿನ ಮೊದಲ ಮೂತ್ರದಿಂದ, ಹೊಸ ಪಟ್ಟಿಯಲ್ಲಿ ಮತ್ತೊಮ್ಮೆ ನೋಡಬೇಕು. ನೋಡುವಾಗ ಒಳಮನೆಯ ಮಬ್ಬಿನಲ್ಲಲ್ಲ, ಜಗಲಿಯ ಬೆಳಕಿಗೆ ತಂದು ನೋಡಬೇಕು.